ಡಿಗ್ರಿ ದ್ರಾಕ್ಷಾಯಣಮ್ಮನ ಕಪ್ಪೆಗದ್ದೆ

ಮಾದಿಹಳ್ಳಿಯ ಕಡೆ ಹೋಗಿ ದ್ರಾಕ್ಷಾಯಣಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾವ ದ್ರಾಕ್ಷಾಯಣಮ್ಮ ಎನ್ನುತ್ತಾರೆ. ಡಿಗ್ರಿ ದ್ರಾಕ್ಷಾಯಣಮ್ಮ ಎಂದರೆ ಮಾತ್ರ ಮನೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ನಾನು ಆ ಹೆಸರನ್ನು ಮೊದಲ ಸಲ ಕೇಳಿದಾಗ ಈಕೆ ಬಿ.ಎ.ಯೋ ಬಿ.ಎಸ್ಸಿ.ಯೋ ಮಾಡಿಕೊಂಡಿರಬೇಕು ಎಂದುಕೊಂಡು, ಮರ್ಯಾದೆಯಿಂದಲೇ, "ಡಿಗ್ರಿ ಎಲ್ಲಿ ಮಾಡಿದ್ರಿ?" ಎಂದು ಕೇಳಿದ್ದೆ. "ಇಲ್ಲೇ ಸಾರ್, ನಮ್ಮೂರ ಡೈರೀಲಿ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಮಾಡ್ತೀನಿ" ಎಂದಿದ್ದರು. ಅವರು ನಗಲಿಲ್ಲ, ಪಕ್ಕದಲ್ಲಿದ್ದವರು ನಕ್ಕರು.

ಡೈರಿ ಎಂದರೆ ಊರಿನ ಹಾಲು ಸೊಸೈಟಿ. ಹಾಲು ಹಾಕಲು ಬಂದವರು ಅಲ್ಲಿ ಸಾಲಾಗಿ ನಿಲ್ಲುತ್ತಾರೆ. ದ್ರಾಕ್ಷಾಯಣಮ್ಮ ಒಬ್ಬೊಬ್ಬರ ಹಾಲನ್ನೂ ಉದ್ದನೆಯ ಲೋಟಕ್ಕೆ ಸುರಿದು ಅದರೊಳಗೆ ಗಾಜಿನ ಲ್ಯಾಕ್ಟೋಮೀಟರ್ ಬಿಡುತ್ತಾರೆ. ಹಾಲು ಗಟ್ಟಿಯಿದ್ದರೆ ಅದು ಮೇಲೆ ತೇಲುತ್ತದೆ, ನೀರು ಬೆರೆತಿದ್ದರೆ ಇಳಿದುಬಿಡುತ್ತದೆ. ಎಷ್ಟನೇ ಗೆರೆಗೆ ನಿಂತಿತೋ ಅದು ಊರಿನವರ ಬಾಯಲ್ಲಿ ಡಿಗ್ರಿ. ಹಸುವಿನ ಹಾಲಿಗೆ ಇಪ್ಪತ್ತೆಂಟು ಬಂದರೆ ಯಾರೂ ಮಾತಾಡುವ ಹಾಗಿಲ್ಲ. ಆ ಸಂಖ್ಯೆಯನ್ನು ದ್ರಾಕ್ಷಾಯಣಮ್ಮ ಸಾಲಿನ ಕೊನೆಗೂ ಕೇಳುವ ಹಾಗೆ ಕೂಗಿ ಹೇಳುತ್ತಾರೆ, ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹದಿನೇಳು ವರ್ಷದಿಂದ ಹೀಗೇ ನಡೆದಿದೆ. ಈಗ ಕರೆಂಟಿನ ಮಷಿನ್ ಬಂದು ಕೂತಿದೆ, ಆದರೂ ಈಕೆ ಕೂಗದಿದ್ದರೆ ಜನಕ್ಕೆ ಹಾಲು ಹಾಕಿದ ಹಾಗೇ ಆಗುವುದಿಲ್ಲ.

ನಾನು ಯೋಗನರಸಿಂಹ, ಹಳೇಬೀಡಿನವನು. ಮೂವತ್ತೊಂದು ವರ್ಷ ಕೃಷಿ ಸಹಾಯಕನಾಗಿ ಈ ಸುತ್ತಿನ ಹೊಲಗದ್ದೆಗಳನ್ನೆಲ್ಲ ತುಳಿದು ನಿವೃತ್ತನಾದವನು. ನನಗೆ ಸಿಟ್ಟು ಬೇಗ ಬರುತ್ತದೆ. ಹೋಗುವುದು ತಡ ಎಂದು ನನ್ನ ಹೆಂಡತಿ ಚೆಲುವಾಂಬ ಹೇಳುತ್ತಾಳೆ. ದ್ರಾಕ್ಷಾಯಣಮ್ಮನ ವಿಷಯದಲ್ಲಿ ನನಗೆ ಬಂದ ಸಿಟ್ಟೆಲ್ಲ ಕೊನೆಗೆ ನನ್ನ ಮೇಲೇ ತಿರುಗಿದೆ. ಇದನ್ನು ಬರೆಯಲು ಕೂತದ್ದಕ್ಕೆ ಅದೂ ಒಂದು ಕಾರಣ.

ದ್ರಾಕ್ಷಾಯಣಮ್ಮನ ತವರು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ. ಅದು ಒಣ ಸೀಮೆ. ಅಲ್ಲಿ ಬಚ್ಚಲ ನೀರು ಬಾಳೆಗೆ, ಪಾತ್ರೆ ತೊಳೆದ ನೀರು ಕರಿಬೇವಿಗೆ ಹೋಗುತ್ತದೆ, ಬೀದಿಗೆ ಹೋಗುವ ನೀರು ಮಳೆಯದು ಮಾತ್ರ. ಮದುವೆಯಾಗಿ ಬಂದದ್ದು ಕೆರೆ ಹಿಂದಿನ ಊರಿಗೆ. ಗಂಡ ಶರತ್ಚಂದ್ರ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು, ಬೆಳಿಗ್ಗೆ ಬಸ್ಸಿಗೆ ಹೋಗಿ ರಾತ್ರಿ ಬಸ್ಸಿಗೆ ಬರುವವರು. ಮಾವ ಕರಿಬಸವಯ್ಯನವರು ತೀರಿಕೊಳ್ಳುವ ಮೊದಲು ಇಬ್ಬರು ಗಂಡುಮಕ್ಕಳಿಗೆ ಜಮೀನು ಭಾಗ ಮಾಡಿದರು. ದೊಡ್ಡವರಿಗೆ ಎರಡು ಎಕರೆ ತೆಂಗಿನ ತೋಟ ಹೋಯಿತು. ಶರತ್ಚಂದ್ರರಿಗೂ ಎರಡು ಎಕರೆಯೇ ಸಿಕ್ಕಿತು, ಆದರೆ ಅದರಲ್ಲಿ ಒಂದು ಎಕರೆ ಮಾತ್ರ ತೆಂಗು. ಇನ್ನೊಂದು ಎಕರೆ ಅದರ ಕೆಳಗೆ ಇಳಿಜಾರಿನ ತುದಿಯಲ್ಲಿದ್ದ ಕಪ್ಪೆಗದ್ದೆ.

ಕಪ್ಪೆಗದ್ದೆ ಎಂಬ ಹೆಸರು ಊರವರೇ ಇಟ್ಟದ್ದು. ಕೆರೆ ಏರಿಯ ಒಳಗಿನಿಂದ ಜಿನುಗುವ ನೀರೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ಯುಗಾದಿಯಲ್ಲೂ ಅಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಭತ್ತ ನಾಟಿ ಮಾಡಿದರೆ ಬೇರು ಕೊಳೆತು, ನೀರಿನ ಮೇಲೆ ಕೆಂಪನೆಯ ಜಿಡ್ಡು ಕಟ್ಟಿ, ಪೈರು ಹಳದಿಯಾಗಿ ಕೂತುಬಿಡುತ್ತಿತ್ತು. ಭತ್ತಕ್ಕೆ ನೀರು ಬೇಕು ಎನ್ನುವುದು ಎಲ್ಲರಿಗೂ ಗೊತ್ತು, ಬೇಡದಾಗ ಆ ನೀರನ್ನು ಹೊರಗೆ ಕಳಿಸಲು ದಾರಿಯೂ ಬೇಕು ಎನ್ನುವುದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಇನ್ನು ಅದರ ಮೇಲಿನ ತೆಂಗಿಗೆ ಕುಡಿಯಲು ನೀರಿಲ್ಲ, ಬೋರ್‌ವೆಲ್ ಅರ್ಧ ಗಂಟೆ ಓಡಿ ಗಾಳಿ ಉಗುಳುತ್ತಿತ್ತು. ಒಂದೇ ಮನೆಯ ಎರಡು ಎಕರೆಯಲ್ಲಿ ಮೇಲಿನದಕ್ಕೆ ಬಾಯಾರಿಕೆ, ಕೆಳಗಿನದಕ್ಕೆ ಸದಾ ನೆಗಡಿ.

ಭಾಗಕ್ಕೆ ಮುಂಚೆ ಕರಿಬಸವಯ್ಯನವರು ನನ್ನನ್ನು ಕರೆದು ಕಪ್ಪೆಗದ್ದೆಯನ್ನು ತೋರಿಸಿದ್ದರು. ನಾನು ಬದುವಿನ ಮೇಲೆ ನಿಂತೇ ನೋಡಿದೆ. ಅವತ್ತು ಹೊಸ ಚಪ್ಪಲಿ ಹಾಕಿಕೊಂಡಿದ್ದೆ. ಕಚೇರಿಗೆ ಬಂದು ಒಂದು ಹಾಳೆಯಲ್ಲಿ "ಜೌಗು ಭೂಮಿ. ಸುಧಾರಣೆ ಲಾಭದಾಯಕವಲ್ಲ" ಎಂದು ಬರೆದು ಸಹಿ ಹಾಕಿಕೊಟ್ಟೆ. ಆ ಹಾಳೆಯನ್ನು ಮುಂದಿಟ್ಟುಕೊಂಡೇ ದೊಡ್ಡ ಮಗ, ಆ ಎಕರೆ ಹೇಗಿದ್ದರೂ ಯಾವ ಕೆಲಸಕ್ಕೂ ಬಾರದ್ದು, ತಮ್ಮನ ಪಾಲಿಗೇ ಇರಲಿ ಎಂದನಂತೆ. ನನಗೆ ಇದು ಗೊತ್ತಾದದ್ದು ಒಂಬತ್ತು ವರ್ಷದ ಮೇಲೆ.

ಎರಡು ಸಾವಿರದ ಇಪ್ಪತ್ತೆರಡರ ಮಳೆಗೆ ಈ ಕಡೆಯ ಕೆರೆಗಳೆಲ್ಲ ಕೋಡಿ ಬಿದ್ದವು. ಕಪ್ಪೆಗದ್ದೆಯಲ್ಲಿ ತೊಡೆಮಟ್ಟ ನೀರು ನಿಂತಿತು. ಇಟ್ಟಿಗೆ ಗೂಡಿನವನೊಬ್ಬ ಬಂದು, ನೀರು ಇಳಿದ ಮೇಲೆ ಮೇಲಿನ ಆರಡಿ ಮಣ್ಣು ತೆಗೆದುಕೊಂಡು ಹೋಗುತ್ತೇನೆ, ಒಳ್ಳೇ ದುಡ್ಡು ಕೊಡುತ್ತೇನೆ ಎಂದ. ಶರತ್ಚಂದ್ರ ಒಪ್ಪುವ ಹಾಗೇ ಇದ್ದರು. ದ್ರಾಕ್ಷಾಯಣಮ್ಮ ಒಂದು ವರ್ಷ ಟೈಮು ಕೇಳಿದರು. ಒಂದು ವರ್ಷದಲ್ಲಿ ಅಲ್ಲಿ ಏನಾದರೂ ಬೆಳೆದು ತೋರಿಸದಿದ್ದರೆ ಮಣ್ಣು ಗೂಡಿಗೆ ಹೋಗುವುದು, ಆಮೇಲೆ ಅಲ್ಲಿ ಉಳಿಯುವುದು ಹಳ್ಳ ಮಾತ್ರ. ಹಾಗೆಂದು ಗಂಡ ಹೆಂಡತಿ ಮಾತಾಡಿಕೊಂಡರು.

ಅದರ ಮುಂದಿನ ಭಾನುವಾರ ಆಕೆ ಹಳೇಬೀಡಿನ ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಕವರಿನಿಂದ ಹಳೆಯ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಅದು ನನ್ನದೇ ಕೈಬರಹ, ನನ್ನದೇ ಸಹಿ.

"ಲಾಭದಾಯಕವಲ್ಲ ಅಂತ ಬರ್ದಿದೀರಲ್ಲ ಸಾರ್, ಲೆಕ್ಕ ಎಲ್ಲೈತೆ?"

"ಯಾವ ಲೆಕ್ಕ?"

"ಕಾಲುವೆ ತೋಡಕ್ಕೆ ಇಷ್ಟು ಖರ್ಚು, ಬರೋದು ಇಷ್ಟು, ಅದ್ಕೇ ಬೇಡ ಅಂತ. ನಾವು ಒಬ್ರ ಹಾಲು ವಾಪಸ್ ಕಳಿಸ್ಬೇಕಾದ್ರೂ ಡಿಗ್ರಿ ಇಷ್ಟು ಬಂತು ಅಂತ ತೋರಿಸ್ಬೇಕು. ಸುಮ್ನೆ ಚೆನ್ನಾಗಿಲ್ಲ ಅನ್ನಂಗಿಲ್ಲ."

ಲೆಕ್ಕ ಇರಲಿಲ್ಲ, ಹೊಸ ಚಪ್ಪಲಿ ಇತ್ತು. ನನಗೆ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷ ಸರ್ವಿಸ್ ಮಾಡಿದವನನ್ನು ಹಾಲು ಅಳೆಯುವ ಹೆಂಗಸು ಪ್ರಶ್ನೆ ಮಾಡುವುದೇ ಎನ್ನಿಸಿತು. ಏನಾದರೂ ಖಾರವಾಗಿ ಹೇಳುತ್ತಿದ್ದೆನೋ ಏನೋ, ಅಷ್ಟರಲ್ಲಿ ಹಿತ್ತಿಲ ಬಾಗಿಲಿನಲ್ಲಿ ಪಕ್ಕದ ಮನೆಯ ಮೀನಾಕ್ಷಿ ಬಕೆಟ್ ಹಿಡಿದು ನಿಂತಳು, ಕಲಗಚ್ಚು ಒಯ್ಯಲು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿದ ಕಲಗಚ್ಚು ನಮ್ಮ ಮನೆಯಿಂದ ದಿನವೂ ಅವಳ ಹಸುವಿಗೆ ಹೋಗುತ್ತದೆ. ಚೆಲುವಾಂಬ ಸುರಿದು ಕೊಟ್ಟು ಬಂದಳು.

"ಎಷ್ಟು ವರ್ಷದಿಂದ ಕೊಡ್ತಿದೀರ ಅಮ್ಮ?" ಎಂದು ದ್ರಾಕ್ಷಾಯಣಮ್ಮ ಅವಳನ್ನು ಕೇಳಿದರು.

"ಇಪ್ಪತ್ತು ವರ್ಷ ಆಗಿರಬಹುದು. ಮಧ್ಯದಲ್ಲಿ ಎದುರುಮನೆಯವರೂ ಹಸು ತಂದು ಕೇಳಿದ್ರು. ಹ್ಯಾಗೆ ಕೊಡೋದು, ಇದು ಮೀನಾಕ್ಷಿ ಹಸುಗೆ ಅಂತ ಆಗಿಹೋಗಿದೆಯಲ್ಲ" ಎಂದಳು ಚೆಲುವಾಂಬ, ಕಾಫಿ ಲೋಟ ಇಡುತ್ತ. "ಬಸಿದಿದ್ದು ವೇಸ್ಟ್ ಅಂತ ಇವರ ಕಚೇರೀಲಿ ಮಾತ್ರ ಬರೀತಾರೆ. ಮನೇಲಿ ಯಾರೂ ಹಂಗನ್ನಲ್ಲ."

ಹೆಂಡತಿಯೇ ಆ ಕಡೆ ಸೇರಿಕೊಂಡ ಮೇಲೆ ನಾನು ಇನ್ನೇನು ಮಾಡಲಿ. ಪೆನ್ನು ತೆಗೆದುಕೊಂಡೆ.

ನಾವು ಹಾಕಿಕೊಂಡ ಯೋಜನೆ ಇಷ್ಟು. ಕಪ್ಪೆಗದ್ದೆಯ ಮೇಲ್ಬದುವಿನಲ್ಲಿ, ಏರಿಯ ನೀರು ಬರುವ ಕಡೆ, ಒಂದು ಆಳವಾದ ಬಸಿಗಾಲುವೆ. ಗದ್ದೆಯೊಳಗೆ ಮೂರಡಿ ಆಳಕ್ಕೆ ತೂತು ಕೊರೆದ ಪೈಪುಗಳು. ಎಲ್ಲ ನೀರೂ ಒಂದು ಮೂಲೆಗೆ ಬಂದು ಅಲ್ಲಿ ತೋಡಿದ ಹೊಂಡಕ್ಕೆ ಬೀಳಬೇಕು, ಹೊಂಡದಿಂದ ಸಣ್ಣ ಮೋಟರಿನಲ್ಲಿ ಮೇಲಿನ ತೆಂಗಿಗೆ ಏರಬೇಕು. ಕೆಳಗಿನ ಎಕರೆಯ ನೆಗಡಿ ಮೇಲಿನ ಎಕರೆಯ ಬಾಯಾರಿಕೆಗೆ ಔಷಧ. ಪೈಪಿನ ತೂತಿಗೆ ಮಣ್ಣು ಸೇರದಂತೆ ಸುತ್ತಲು ನಾನು ಕಂಪನಿಯ ಬಲೆ ಬರೆದಿದ್ದೆ. ದ್ರಾಕ್ಷಾಯಣಮ್ಮ ಅದನ್ನು ಹೊಡೆದುಹಾಕಿ ತೆಂಗಿನ ನಾರು ಎಂದು ಬರೆದರು. ಶರತ್ಚಂದ್ರ ಮಂಡಿಯಿಂದ ಬರುವಾಗ ನಾರಿನ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರತೊಡಗಿದರು. ಖರ್ಚೆಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಬಂತು. ಒಂದು ಹಸು ಮಾರಿ, ಡೈರಿಯ ಬೋನಸ್ ಸೇರಿಸಿ ಅದನ್ನು ಹೊಂದಿಸಿದರು.

ಜಿನುಗುವ ನೀರು ದಿನಕ್ಕೆ ಎಷ್ಟು ಎಂದು ತಿಳಿಯದೆ ಹೊಂಡದ ಅಳತೆ ಹಾಕುವ ಹಾಗಿರಲಿಲ್ಲ. ನಾನು ಪುಸ್ತಕ ತೆಗೆದು ಸೂತ್ರ ಹುಡುಕುತ್ತಿದ್ದೆ. ದ್ರಾಕ್ಷಾಯಣಮ್ಮ ಡೈರಿಯವರು ಎಸೆದಿದ್ದ, ಮುಚ್ಚಳ ಹೋದ ನಲವತ್ತು ಲೀಟರಿನ ಹಾಲಿನ ಕ್ಯಾನ್ ತಂದು ಕಾಲುವೆಯ ಬಾಯಿಗೆ ಒಡ್ಡಿ ಗಡಿಯಾರ ನೋಡಿದರು. ಕ್ಯಾನ್ ಹನ್ನೆರಡು ನಿಮಿಷಕ್ಕೆ ತುಂಬಿತು. ಹಾಗಾದರೆ ಗಂಟೆಗೆ ಇನ್ನೂರು ಲೀಟರ್, ದಿನಕ್ಕೆ ನಾಲ್ಕು ಸಾವಿರದ ಎಂಟುನೂರು. ನಲವತ್ತು ತೆಂಗಿನ ಮರಕ್ಕೆ ದಿನಕ್ಕೆ ಅರವತ್ತು ಲೀಟರಿನಂತೆ ಕೊಟ್ಟರೂ ಅರ್ಧ ಮಿಗುತ್ತದೆ. ಲೆಕ್ಕವನ್ನು ಎಲ್ಲಿ ಬರೆದಿರಿ ಎಂದೆ. ನನ್ನ ಹಳೆಯ ಹಾಳೆಯನ್ನು ತಿರುವಿ ತೋರಿಸಿದರು. ಹಿಂದುಗಡೆ ಖಾಲಿ ಇತ್ತಲ್ಲ ಎಂದರು. ಅದನ್ನು ನನಗೆ ಕೊಟ್ಟುಬಿಡಿ, ಹರಿದುಹಾಕುತ್ತೇನೆ ಎಂದು ಎರಡು ಸಲ ಕೇಳಿದೆ, ಕೊಡಲಿಲ್ಲ.

ಪೈಪು ಹೂಳುವ ದಿನ ಆಕೆ ಒಂದು ಮಾತು ಕೇಳಿದರು. ಕಪ್ಪೆಗದ್ದೆಯ ಕೆಳಗಿನ ಅರ್ಧ ಎಕರೆ ರಾಮಣ್ಣ ಎಂಬವರದು. ಮೂರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಐವತ್ತೈದರ ಮನುಷ್ಯ. ಕಪ್ಪೆಗದ್ದೆಯಿಂದ ಬಸಿದು ಬರುವ ನೀರಿನ ತಂಪಿನಲ್ಲೇ ಅವರು ವರ್ಷವಿಡೀ ಹಸಿಹುಲ್ಲು ಬೆಳೆಯುತ್ತಿದ್ದರು. ಅವರಿಗೆ ಬೇರೆ ನೀರಿಲ್ಲ.

"ಕೆಳಗಡೆ ರಾಮಣ್ಣಂದು ಹುಲ್ಲೈತೆ. ನಾವು ಎಲ್ಲಾ ಹಿಡ್ಕೊಂಡ್ರೆ?"

"ಅದು ನಿಮ್ಮ ಗದ್ದೆಯಿಂದ ವೇಸ್ಟಾಗಿ ಹೋಗ್ತಿದ್ದ ನೀರು. ನಿಮ್ಮ ಜಮೀನು, ನಿಮ್ಮ ದುಡ್ಡು. ಅವರು ಏನೋ ಮಾಡ್ಕೋತಾರೆ" ಎಂದೆ ನಾನು, ರಾಮಣ್ಣನ ಕಡೆಗೆ ತೆರೆದಿದ್ದ ಪೈಪಿನ ಕೊನೆಗೆ ಬಿರಡೆ ಹೊಡೆಸುತ್ತ.

ಆಕೆ ಮತ್ತೆ ಕೇಳಲಿಲ್ಲ. ಆಕೆಗೂ ಆ ಉತ್ತರ ಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಒಂದು ವರ್ಷದ ಮಾತು ಕೊಟ್ಟವರು ಅವರೇ ತಾನೆ.

ಇಪ್ಪತ್ತಮೂರರಲ್ಲಿ ಮಳೆ ಕೈಕೊಟ್ಟಿತು. ಆದರೆ ಹಿಂದಿನ ವರ್ಷದ ನೀರು ಕೆರೆಯಲ್ಲಿತ್ತು, ಏರಿ ಜಿನುಗುತ್ತಲೇ ಇತ್ತು. ಕಪ್ಪೆಗದ್ದೆಯಲ್ಲಿ ಮೊದಲ ಸಲ ಟಿಲ್ಲರ್ ಹೂತುಕೊಳ್ಳದೆ ಓಡಿತು. ಹದಿನಾರು ಕ್ವಿಂಟಾಲ್ ಭತ್ತ ಬಂತು. ದೊಡ್ಡದೇನಲ್ಲ, ಆದರೆ ಆ ಎಕರೆ ಹುಟ್ಟಿದಾಗಿನಿಂದ ಅಷ್ಟು ಕೊಟ್ಟಿರಲಿಲ್ಲ. ಇಟ್ಟಿಗೆ ಗೂಡಿನವನಿಗೆ ಶರತ್ಚಂದ್ರರೇ ಹೋಗಿ ಬೇಡ ಎಂದು ಹೇಳಿ ಬಂದರು. ಬೇಸಿಗೆ ಬಂತು. ಊರಲ್ಲಿ ಎಲ್ಲರ ತೆಂಗಿನಲ್ಲೂ ಎಳೆಗಾಯಿ ಉದುರಿ ಬುಡದಲ್ಲಿ ಬಿದ್ದಿದ್ದರೆ ದ್ರಾಕ್ಷಾಯಣಮ್ಮನ ನಲವತ್ತು ಮರಗಳು ಗೊನೆ ಹಿಡಿದು ನಿಂತಿದ್ದವು. ಭತ್ತದ ಕೊಯ್ಲಾದ ಮೇಲೆ ಅರ್ಧ ಎಕರೆಗೆ ಬೀನ್ಸ್ ಕೂಡ ಹಾಕಿದರು.

ನನಗೋ ಹಿಡಿಯಲಾಗದ ಹೆಮ್ಮೆ. ಮೂರೂವರೆ ವರ್ಷಕ್ಕೆ ಹಾಕಿದ ದುಡ್ಡೆಲ್ಲ ವಾಪಸ್ ಎಂದು ಬಣ್ಣದ ಪೆನ್ನಿನಲ್ಲಿ ಚಾರ್ಟ್ ಬರೆದೆ. ರೈತರ ಸಭೆಯೊಂದರಲ್ಲಿ ಅದನ್ನು ತೂಗುಹಾಕಿ, "ಈ ಗದ್ದೆಯಿಂದ ಒಂದು ಹನಿ ನೀರೂ ಗಡಿ ದಾಟಲ್ಲ" ಎಂದು ಎರಡೆರಡು ಸಲ ಹೇಳಿದೆ. ಚಪ್ಪಾಳೆ ಬಿತ್ತು. ಮೊದಲು ಆ ಹನಿಗಳು ಗಡಿ ದಾಟಿ ಎಲ್ಲಿಗೆ ಹೋಗುತ್ತಿದ್ದವು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಇಪ್ಪತ್ತನಾಲ್ಕರ ಏಪ್ರಿಲ್. ಕೆರೆ ತಳ ಕಂಡಿತ್ತು, ಜಿನುಗು ಇಳಿದಿದೆ, ಬಂದು ನೋಡಿ ಎಂದು ದ್ರಾಕ್ಷಾಯಣಮ್ಮ ಫೋನ್ ಮಾಡಿದ್ದರು. ನಾನು ಹಳೇಬೀಡಿನಿಂದ ಮೊದಲ ಬಸ್ಸಿಗೆ ಹೊರಟು ಆರೂವರೆಗೆ ಡೈರಿಯ ಮುಂದೆ ಇಳಿದೆ. ಹಾಲು ಹಾಕುವ ಹೊತ್ತು. ಆಕೆಯ ಕೆಲಸ ಮುಗಿಯಲಿ ಎಂದು ಕಟ್ಟೆಯ ಮೇಲೆ ಕೂತೆ. ಇಪ್ಪತ್ತೆಂಟು, ಇಪ್ಪತ್ತೇಳೂವರೆ, ಇಪ್ಪತ್ತೆಂಟು ಎಂದು ಅವರ ದನಿ ಒಂದೇ ಸಮನೆ ಕೇಳಿಬರುತ್ತಿತ್ತು.

ರಾಮಣ್ಣನ ಸರದಿ ಬಂತು. ಹಾಲು ಲೋಟಕ್ಕೆ ಬಿತ್ತು, ಲ್ಯಾಕ್ಟೋಮೀಟರ್ ಇಳಿಯಿತು. ದನಿ ಬರಲಿಲ್ಲ.

ನಾನು ತಲೆ ಎತ್ತಿ ನೋಡಿದೆ. ದ್ರಾಕ್ಷಾಯಣಮ್ಮ ಕಡ್ಡಿಯನ್ನು ಒರೆಸಿ ಇನ್ನೊಂದು ಸಲ ಬಿಟ್ಟರು. ಕಾರ್ಯದರ್ಶಿ ಪೆನ್ನು ಹಿಡಿದು ಕಾಯುತ್ತಿದ್ದ. ಸಾಲಿನಲ್ಲಿ ಇಪ್ಪತ್ತು ಜನ ಇದ್ದರು. ರಾಮಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ದ್ರಾಕ್ಷಾಯಣಮ್ಮ ಲೋಟದ ಹಾಲನ್ನು ರಾಮಣ್ಣನ ಪಾತ್ರೆಗೇ ಮರಳಿ ಸುರಿದು ಮುಚ್ಚಳ ಹಾಕಿದರು. "ಅಣ್ಣ, ಇವತ್ತಿಂದು ಮನೆಗೆ ತಗಂಡೋಗು" ಎಂದರು, ಮೆಲ್ಲಗೆ.

ಆಕೆ ಕೂಗದೆ ಇದ್ದುದರಿಂದಲೇ ಎಲ್ಲರಿಗೂ ಗೊತ್ತಾಯಿತು. ಹಿಂದಿನಿಂದ ಯಾರೋ, "ಏನ್ಲಾ ರಾಮಣ್ಣ, ನಿನ್ನ ಹಸ ಕೆರೇಲಿ ಮುಳುಗಿ ಎದ್ದು ಬಂತಾ?" ಎಂದ. ನಾಲ್ಕು ಜನ ನಕ್ಕರು. ಕೆರೆಯಲ್ಲಿ ಹಸು ಮುಳುಗುವಷ್ಟು ನೀರೂ ಇರಲಿಲ್ಲ. ರಾಮಣ್ಣ ಪಾತ್ರೆ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದರು. ನನ್ನ ಮುಂದೆಯೇ ಹಾದುಹೋದರು, ನಾನೂ ಮಾತಾಡಿಸಲಿಲ್ಲ.

ಜನ ಖಾಲಿಯಾದ ಮೇಲೆ ಒಳಗೆ ಹೋದೆ. ದ್ರಾಕ್ಷಾಯಣಮ್ಮ ಪುಸ್ತಕವನ್ನು ಹಿಂದಕ್ಕೆ ಹಿಂದಕ್ಕೆ ತಿರುವುತ್ತ ಕೂತಿದ್ದರು. ಬೆರಳು ರಾಮಣ್ಣನ ಹೆಸರಿನ ಸಾಲಿನ ಮೇಲಿತ್ತು.

"ನೋಡಿ ಸಾರ್. ಹೋದ್ವರ್ಸ ಪೈಪಿಗೆ ಬಿರಡೆ ಹಾಕೋಕೆ ಮುಂಚೆ ಹನ್ನೊಂದು ಲೀಟರ್. ಮಳೆಗಾಲ್ದಾಗೆ ಹತ್ತು. ಸಂಕ್ರಾಂತಿಗೆ ಒಂಬತ್ತು. ಸಿವರಾತ್ರಿಗೆ ಎಂಟು. ಹೋದ ವಾರ ಏಳು. ಇವತ್ತು ಒಂಬತ್ತು ತಂದಿದ್ದ. ಡಿಗ್ರಿ ಇಪ್ಪತ್ತೆರಡು."

ಏಳು ಲೀಟರ್ ಹಾಲಿಗೆ ಎರಡು ಲೀಟರ್ ನೀರು ಬೆರೆಸಿದರೆ ಇಪ್ಪತ್ತೆಂಟು ಇಪ್ಪತ್ತೆರಡಾಗುತ್ತದೆ. ಅಷ್ಟು ಲೆಕ್ಕ ನನಗೂ ಬರುತ್ತದೆ.

"ಹದಿನೇಳು ವರ್ಸ ಆಯ್ತು. ಒಂದಿನ ಇಪ್ಪತ್ತೆಂಟಕ್ಕಿಂತ ಕೆಳಕ್ಕೆ ಹೋದವನಲ್ಲ. ಅವನ ನೀರು ನಾನು ಹಿಡ್ಕೊಂಡೆ, ಅವನು ನೀರು ತಂದು ನನಗೇ ಅಳೆಯಕ್ಕೆ ಕೊಟ್ಟ. ಈ ಪುಸ್ತಕ ದಿನಾ ನನ್ನ ಕಣ್ಮುಂದೇನೆ ಇತ್ತು ಸಾರ್, ಒಂದು ದಿನಾನೂ ಈ ಸಾಲನ್ನ ಮ್ಯಾಲಿಂದ ಕೆಳಕ್ಕೆ ಓದ್ಲಿಲ್ಲ."

ಆಕೆಯ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಬರುವುದು ವಾದ. ಗದ್ದೆಗೆ ನಡೆದುಹೋಗುವ ದಾರಿಯುದ್ದಕ್ಕೂ ವಾದ ಮಾಡಿದೆ. ಕಾನೂನಿನ ಪ್ರಕಾರ ತಪ್ಪಿಲ್ಲ, ನೀರು ನಿಮ್ಮ ನೆಲದಲ್ಲಿ ಹುಟ್ಟಿದ್ದು, ಖರ್ಚು ಮಾಡಿದವರು ನೀವು, ಈ ಬೇಸಿಗೆಯಲ್ಲಿ ನಿಮಗೇ ಸಾಲದು. ಕೊನೆಯದು ನಿಜವೇ ಆಗಿತ್ತು. ಅವತ್ತು ಕ್ಯಾನ್ ಒಡ್ಡಿ ನೋಡಿದರೆ ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ದಿನಕ್ಕೆ ಮೂರು ಸಾವಿರ ಲೀಟರೂ ಇಲ್ಲ. ತೆಂಗಿಗೆ ಕೊಟ್ಟು ಬೀನ್ಸಿಗೆ ತೋರಿಸುವಷ್ಟರಲ್ಲಿ ಹೊಂಡದ ತಳ ಕಾಣುತ್ತಿತ್ತು.

ದ್ರಾಕ್ಷಾಯಣಮ್ಮ ಬದುವಿನ ಮೇಲೆ ನಿಂತು ಕೆಳಗೆ ನೋಡಿದರು. ರಾಮಣ್ಣನ ಅರ್ಧ ಎಕರೆಯ ಹುಲ್ಲು ಬುಡದವರೆಗೂ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ನಾನು ಅಲ್ಲಿಗೆ ಹತ್ತಾರು ಸಲ ಬಂದಿದ್ದೆ, ಪ್ರತಿ ಸಲವೂ ಹೊಂಡದ ಕಡೆಗೇ ಮುಖ ಮಾಡಿ ನಿಂತಿದ್ದೆ.

"ನಿಮ್ಮ ಮನೆ ಕಲಗಚ್ಚನ್ನ ನಾಳೆಯಿಂದ ಮೀನಾಕ್ಷಮ್ಮಂಗೆ ಕೊಡಲ್ಲ ಅಂದ್ರೆ, ಏನಂತ ಹೇಳಿ ನಿಲ್ಲಿಸ್ತಾರೆ ಸಾರ್ ಚೆಲುವಾಂಬಮ್ಮ?"

"ಹೇಳದೆ ನಿಲ್ಲಿಸಲ್ಲ."

"ನಾನು ಹೇಳದೇನೆ ನಿಲ್ಲಿಸ್ದೆ."

ನಾನು ಬದುವಿನಿಂದ ಇಳಿದು ಬಿರಡೆಯ ಹತ್ತಿರ ಹೋದೆ.

ಆ ದಿನವೇ ಕೆಲಸ ಶುರುವಾಯಿತು. ನಾನು ಬಿರಡೆ ಕಿತ್ತು ಸ್ವಲ್ಪ ಸ್ವಲ್ಪ ಬಿಡೋಣ ಎಂದೆ. ಸ್ವಲ್ಪ ಎಂದರೆ ಎಷ್ಟು, ಯಾರು ಅಳೆಯುವವರು, ನಾಳೆ ನನಗೇ ಆಸೆಯಾದರೆ ಎಂದರು ಆಕೆ. ಅದೇ ಹಳೆಯ ಕ್ಯಾನನ್ನು ಗ್ಯಾರೇಜಿಗೆ ಒಯ್ದು ಎದುರುಬದುರಾಗಿ ಎರಡು ತೂತು ಕೊರೆಸಿದರು, ಒಂದೇ ಅಗಲ, ಒಂದೇ ಎತ್ತರ. ಹೊಂಡಕ್ಕೆ ನೀರು ಬೀಳುವ ಜಾಗದಲ್ಲಿ ಒಂದು ಚಪ್ಪಡಿ ಕೂರಿಸಿ, ಗಾರೆಯವನ ಹತ್ತಿರ ರಸಮಟ್ಟ ಕೇಳಿ ತಂದು, ಕ್ಯಾನನ್ನು ಅದರ ಮೇಲೆ ಒಂದಿಷ್ಟೂ ವಾಲದ ಹಾಗೆ ನಿಲ್ಲಿಸಿದರು. ಬಸಿನೀರೆಲ್ಲ ಮೊದಲು ಕ್ಯಾನಿಗೆ ಬೀಳಬೇಕು. ತೂತಿನ ಮಟ್ಟಕ್ಕೆ ಏರಿದ ಮೇಲೆ ಒಂದು ಕಡೆಯಿಂದ ಅರ್ಧ ಹೊಂಡಕ್ಕೆ, ಇನ್ನೊಂದು ಕಡೆಯಿಂದ ಅರ್ಧ ಪೈಪಿನಲ್ಲಿ ರಾಮಣ್ಣನ ಹುಲ್ಲಿಗೆ. ಹೆಚ್ಚು ಬಂದ ದಿನ ಇಬ್ಬರಿಗೂ ಹೆಚ್ಚು, ಕಡಿಮೆ ಬಂದ ದಿನ ಇಬ್ಬರಿಗೂ ಕಡಿಮೆ. ಸಂಜೆ ಹೊತ್ತಿಗೆ ಎರಡು ತೂತಿನಿಂದಲೂ ಒಂದೇ ದಪ್ಪದ ನೀರು ಬೀಳತೊಡಗಿತು. ನಾನು ಸರ್ವಿಸಿನಲ್ಲಿ ಎಷ್ಟೋ ಯೋಜನೆಗಳ ಉದ್ಘಾಟನೆ ನೋಡಿದ್ದೇನೆ, ಅಲ್ಲೆಲ್ಲೂ ಆಗದ ಖುಷಿ ಅವತ್ತು ಆಯಿತು.

ಬೀನ್ಸ್ ಹೂ ಬಿಟ್ಟಿತ್ತು. ಉಳಿದ ಅರ್ಧ ನೀರು ತೆಂಗಿಗೇ ಸಾಲದಾಗಿ ಅದರ ನೀರು ನಿಂತಿತು. ವಾರದಲ್ಲಿ ಬಾಡಿತು. ದ್ರಾಕ್ಷಾಯಣಮ್ಮ ಅದನ್ನು ಕಿತ್ತು ಹಸುಗಳಿಗೆ ಹಾಕಿದರು.

ಕ್ಯಾನ್ ಕೂರಿಸಿದ ಮಾರನೇ ದಿನ ಆಕೆ ರಾಮಣ್ಣನ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಹೇಳಬೇಕಾದ ಮಾತು ನನ್ನದೂ ಒಂದಿತ್ತು. ರಾಮಣ್ಣ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು, ನಿಲ್ಲಿಸಲಿಲ್ಲ.

"ಅಣ್ಣ, ನಿನ್ನ ನೀರು ನಾನು ಹೇಳದೆ ಕೇಳದೆ ನಿಲ್ಲಿಸಿಬಿಟ್ಟಿದ್ದೆ. ತಪ್ಪು ನಂದು. ಇನ್ಮೇಲೆ ಬರ್ತದೆ."

"ಬಿರಡೆ ಹಾಕಿಸಿದ್ದು ನಾನು. ಅವರು ಕೇಳಿದ್ರು, ನಾನೇ ಪರವಾಗಿಲ್ಲ ಅಂದೆ" ಎಂದೆ ನಾನು.

ರಾಮಣ್ಣ ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೆ. ಅವರ ಮಾತು ಇದ್ದದ್ದು ಆಕೆಯ ಜೊತೆ. "ನೀರು ಬೆರೆಸಿದ್ದು ನಾನು ಕಣಮ್ಮ. ಅದಕ್ಕೇನಂತೀಯ?"

"ಅದು ನಿನ್ನ ತಪ್ಪು. ಅದನ್ನ ನೀನೇ ನೋಡ್ಕೊ" ಎಂದರು ದ್ರಾಕ್ಷಾಯಣಮ್ಮ.

ಹೊರಗೆ ಬಂದ ಮೇಲೆ, ಇಷ್ಟು ಖಡಕ್ಕಾಗಿ ಹೇಳಬೇಕಿತ್ತೇ ಎಂದು ಕೇಳಿದೆ. ಹೇಳದೇ ಹೋಗಿದ್ದರೆ ಅವನು ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ಅದೇ ನೆನಪು ಬರುತ್ತಿತ್ತು, ಇಬ್ಬರಿಗೂ, ಎಂದರು. ಆಕೆಗಿದ್ದ ಭಯ ಒಂದೇ, ಅವರು ಡೈರಿಗೆ ಬರುವುದನ್ನೇ ಬಿಟ್ಟುಬಿಟ್ಟರೆ ಎಂದು.

ರಾಮಣ್ಣ ಬಿಟ್ಟೇಬಿಟ್ಟರು. ಹಾಲನ್ನು ಹಳೇಬೀಡಿನ ಹೋಟೆಲಿಗೆ ಹಾಕುತ್ತಿದ್ದಾರೆ, ಲೀಟರಿಗೆ ಆರು ರೂಪಾಯಿ ಕಮ್ಮಿಗೆ ಎಂದು ಸುದ್ದಿ ಬಂತು. ದ್ರಾಕ್ಷಾಯಣಮ್ಮ ದಿನವೂ ಸಾಲಿನ ಕೊನೆಯವರೆಗೂ ಒಮ್ಮೆ ನೋಡಿ, ಆಮೇಲೆ ಲ್ಯಾಕ್ಟೋಮೀಟರ್ ತೊಳೆದಿಡುತ್ತಿದ್ದರಂತೆ. ಕಾರ್ಯದರ್ಶಿ ಆ ಹೆಸರು ಹೊಡೆದುಹಾಕಲೇ ಎಂದು ಕೇಳಿದಾಗ, ಇರಲಿ ಬಿಡು ಎಂದರಂತೆ.

ನಾನು ಆ ದಿನಗಳಲ್ಲಿ ನನ್ನ ಬಣ್ಣದ ಚಾರ್ಟನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಖರ್ಚು, ಭತ್ತ, ತೆಂಗು, ಬೀನ್ಸ್ ಎಲ್ಲದಕ್ಕೂ ಒಂದೊಂದು ಕಲಂ ಇತ್ತು, ರಾಮಣ್ಣನಿಗೆ ಇರಲಿಲ್ಲ. ಹೊಸದಾಗಿ ಒಂದು ಕಲಂ ಎಳೆದೆ. ಬೀನ್ಸಿನಲ್ಲಿ ಔಷಧಿ, ಕೂಲಿ ಕಳೆದು ಆಕೆಗೆ ಉಳಿಯುತ್ತಿದ್ದದ್ದು ಒಂಬತ್ತು ಸಾವಿರ. ರಾಮಣ್ಣನ ಹಾಲು ಬೇಸಿಗೆಯ ನೂರು ದಿನ, ದಿನಕ್ಕೆ ನಾಲ್ಕು ಲೀಟರ್ ಏರಿದರೆ ಹದಿಮೂರು ಸಾವಿರ. ಅದೇ ನೀರು ಬೀನ್ಸಿಗಿಂತ ಹುಲ್ಲಿನಲ್ಲೇ ಹೆಚ್ಚು ದುಡಿಯುತ್ತಿತ್ತು. ಇದನ್ನು ಹೇಳಿದರೆ ಆಕೆಗೆ ಸಮಾಧಾನವಾದೀತು ಎಂದು ಫೋನ್ ಮಾಡಿದೆ.

"ಒಳ್ಳೇದಾಯ್ತು ಬುಡಿ ಸಾರ್" ಎಂದರು. "ಆದ್ರೆ ಒಂಬತ್ತು ಆಕಡೆ, ಹದಿಮೂರು ಈಕಡೆ ಇದ್ದಿದ್ರೂ ನಾನು ಬುಡ್ಲೇಬೇಕಿತ್ತು." ಚಾರ್ಟು ಮಡಚಿಟ್ಟೆ.

ಮೇ ತಿಂಗಳ ಎರಡನೇ ವಾರ ಮತ್ತೆ ಆ ಕಡೆ ಹೋದೆ. ಮಳೆ ಇನ್ನೂ ಬಂದಿರಲಿಲ್ಲ. ಕೆಳಗಿನ ಅರ್ಧ ಎಕರೆ ಮಾತ್ರ ಮೊಣಕಾಲೆತ್ತರಕ್ಕೆ ಹಸಿರಾಗಿತ್ತು. ಬಸ್ಸಿನಿಂದ ಇಳಿದು ಡೈರಿಯ ಕಟ್ಟೆಯ ಮೇಲೆ ಕೂತಿದ್ದೆ. ಸಾಲು ಮುಗಿಯುತ್ತ ಬಂದಿತ್ತು. ಆಗ ರಸ್ತೆಯ ಆಚೆಯಿಂದ ರಾಮಣ್ಣ ಪಾತ್ರೆ ಹಿಡಿದು ಬಂದು ಕೊನೆಯಲ್ಲಿ ನಿಂತರು. ಅವತ್ತು ತಮಾಷೆ ಮಾಡಿದವನೂ ಅಲ್ಲೇ ಇದ್ದ.

ಸರದಿ ಬಂತು. ದ್ರಾಕ್ಷಾಯಣಮ್ಮ ಹಾಲನ್ನು ಲೋಟಕ್ಕೆ ಸುರಿದರು, ನೊರೆ ಇಳಿಯುವವರೆಗೆ ಕಾದರು, ಲ್ಯಾಕ್ಟೋಮೀಟರ್ ಬಿಟ್ಟರು. ರಾಮಣ್ಣ ಈ ಸಲ ಕ್ಯಾಲೆಂಡರ್ ನೋಡಲಿಲ್ಲ, ಆ ಗಾಜಿನ ಕಡ್ಡಿಯನ್ನೇ ನೋಡುತ್ತಿದ್ದರು. ಅದು ಎರಡು ಸಲ ಮೇಲೆ ಕೆಳಗೆ ಆಡಿ ನಿಂತಿತು.

"ಇಪ್ಪತ್ತೊಂಬತ್ತು."

ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಕೂಗಿದ್ದರು. ಕಾರ್ಯದರ್ಶಿ ಕಿವಿ ಉಜ್ಜಿಕೊಂಡು, "ಕೇಳಿಸ್ತು ಕಣಮ್ಮ, ಪಕ್ಕದಲ್ಲೇ ಇದೀನಿ" ಎಂದ.

"ಕೇಳಿಸಿದ್ರೆ ಬರ್ಕೊ" ಎಂದರು ದ್ರಾಕ್ಷಾಯಣಮ್ಮ, ಅದೇ ದನಿಯಲ್ಲಿ. "ರಾಮಣ್ಣ, ಒಂಬತ್ತೂವರೆ ಲೀಟರ್. ಇಪ್ಪತ್ತೊಂಬತ್ತು."